ಸೈನೈಡ್ ದಿಬ್ಬದಲ್ಲಿ ಎರಡನೇ ಭಾಗ

ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಕೆಜಿಎಫ್‌ನ ನಮ್ಮ ಊರಿಗಾಂಗೆ ಬರುವ ಹೊತ್ತಿಗೆ ಕಿಟಕಿ ಪಕ್ಕದ ಸೀಟುಗಳು ಹೋಗಿರುತ್ತವೆ. ಬಂಗಾರಪೇಟೆ ದಾಟಿದ ಮೇಲೆ ನಿಲ್ಲಲೂ ಜಾಗವಿರುವುದಿಲ್ಲ. ಹೀಗೆ ನಿಂತುಕೊಂಡೇ ಬೆಂಗಳೂರಿಗೆ ಹೋಗಿ ಬರುವ ಸಾವಿರಾರು ಜನರಲ್ಲಿ ನಾನೂ ಒಬ್ಬ. 2018ರ ಡಿಸೆಂಬರ್‌ವರೆಗೆ ಆಫೀಸಿನಲ್ಲಿ ಯಾರಾದರೂ ಊರು ಕೇಳಿದರೆ ‘ಕೆಜಿಎಫ್, ಚಿನ್ನದ ಗಣಿ ಇತ್ತಲ್ಲ, ಅದು’ ಎಂದು ಬಿಡಿಸಿ ಹೇಳಬೇಕಿತ್ತು. ಆಮೇಲೆ ‘ಕೆಜಿಎಫ್’ ಸಿನಿಮಾ ಬಂದು ಆ ಕಷ್ಟ ತಪ್ಪಿತು. ‘ಓಹೋ, ರಾಕಿ ಭಾಯ್ ಊರು!’ ಎಂದು ಅವರೇ ನಗುತ್ತಾರೆ.

ಆ ಸಿನಿಮಾದ ಎರಡನೇ ಭಾಗ ಬಂದು ಕೆಲವು ತಿಂಗಳಾಗಿತ್ತು. ಸಂಜೆಯ ರೈಲಿನಲ್ಲಿ ನನ್ನೆದುರಿನ ಹುಡುಗ ಮೊಬೈಲಿನಲ್ಲಿ ಅದನ್ನೇ ನೋಡುತ್ತಿದ್ದ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಇಣುಕಿದರು. ಗಣಿ ಮುಚ್ಚುವವರೆಗೂ ಶಾಫ್ಟ್ ಇಳಿದವರೆಂದು ಆಮೇಲೆ ತಿಳಿಯಿತು. ಪರದೆಯ ಮೇಲೆ ಮೈಯೆಲ್ಲ ಮಸಿ ಮೆತ್ತಿಕೊಂಡ ಜನ ಸುತ್ತಿಗೆ ಹಿಡಿದು ಬಂಡೆ ಕುಟ್ಟುತ್ತಿದ್ದರು. ‘ಏನಪ್ಪಾ ಇದು, ಒಂದು ಡ್ರಿಲ್ ಮಿಷಿನ್ನೂ ಇಲ್ವಾ? ನಮ್ ಕಾಲದಲ್ಲಾಗಿದ್ರೆ ಇಷ್ಟೊತ್ತಿಗೆ ಯೂನಿಯನ್ನೋರು ಬಂದುಬಿಡೋರು’ ಎಂದರು. ಸುತ್ತ ಇದ್ದವರೆಲ್ಲ ನಕ್ಕರು, ಹುಡುಗನೂ ನಕ್ಕ. ನಕ್ಕ ಮೇಲೂ ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. ನಾನು ಊರಿಗಾಂನಲ್ಲಿ ಇಳಿಯುವಾಗ ‘ಆಮೇಲೇನಾಯ್ತದೆ?’ ಎಂದು ಹುಡುಗನನ್ನು ಕೇಳುತ್ತಿದ್ದರು.

ಆಕ್ಷನ್ ಸಿನಿಮಾದ ಎರಡನೇ, ಮೂರನೇ ಭಾಗಗಳ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಆ ಸಂಜೆ ನೆನಪಾಗುತ್ತದೆ. ಇಂಥ ಚಿತ್ರಗಳಲ್ಲಿ ಎರಡು ಸರಕು ತಪ್ಪದೆ ಇರುತ್ತವೆ: ಒಂದು ತಮಾಷೆ, ಇನ್ನೊಂದು ಹಳೆಯ ನೆನಪು. ಇವೆರಡೂ ಸಿನಿಮಾವನ್ನು ಕೆಡಿಸುತ್ತವೆ ಎನ್ನುವವರಿದ್ದಾರೆ. ನಾಯಕನೇ ನಗಾಡತೊಡಗಿದರೆ ಅವನಿಗೆ ಒದಗಿದ ಆಪತ್ತನ್ನು ನಾವೇಕೆ ನಂಬಬೇಕು, ಹಳೆಯ ಡೈಲಾಗಿಗೆ ಶಿಳ್ಳೆ ಗಿಟ್ಟಿಸುವವನು ಹೊಸದೇಕೆ ಬರೆದಾನು ಎನ್ನುವುದು ಅವರ ವಾದ. ಇವಿಲ್ಲದಿದ್ದರೆ ಎರಡನೇ ಭಾಗ ಯಾಕೆ ಬೇಕು ಎನ್ನುವವರೂ ಅಷ್ಟೇ ಜನ. ಹಳೆಯ ಗೆಳೆಯನನ್ನು ನೋಡಲು ಬಂದವನು ಹಳೆಯ ಮಾತು ಕೇಳಲಿಕ್ಕೇ ಬಂದಿರುತ್ತಾನೆ ಎಂದು ಅವರು ಹೇಳುತ್ತಾರೆ.

ಊರಿಗಾಂನವನಿಗೆ ಈ ಜಗಳ ಕೇಳಿದಾಗ ಕಣ್ಣೆದುರು ಬರುವುದು ಸೈನೈಡ್ ದಿಬ್ಬ. ಗಣಿಯಿಂದ ಬಂದ ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಅದಕ್ಕೆ ಸೈನೈಡ್ ಬೆರೆಸಿದ ನೀರು ಹಾಯಿಸುತ್ತಿದ್ದರು. ಕಲ್ಲಿನೊಳಗಿನ ಚಿನ್ನ ಆ ನೀರಿನಲ್ಲಿ ಕರಗಿ ಬರುತ್ತಿತ್ತು. ಸತುವಿನಿಂದ ಅದನ್ನು ಮತ್ತೆ ಹಿಡಿಯುತ್ತಿದ್ದರು. ಉಳಿದ ಹುಡಿ ದಿಬ್ಬವಾಯಿತು. ನೂರು ವರ್ಷಕ್ಕೂ ಹೆಚ್ಚು ಕಾಲ ಹೀಗೆ ಸುರಿದ 13 ದಿಬ್ಬಗಳಲ್ಲಿ ಸುಮಾರು 3.3 ಕೋಟಿ ಟನ್ ಮಣ್ಣಿದೆ. ಟನ್ನಿಗೆ ಒಂದು ಗ್ರಾಂ ಚಿನ್ನವೂ ಅದರಲ್ಲಿಲ್ಲ. ಆದರೂ ಚಿನ್ನದ ಬೆಲೆ ಏರಿದಾಗಲೆಲ್ಲ ದಿಬ್ಬವನ್ನು ಮತ್ತೊಮ್ಮೆ ಸೋಸುವ ಮಾತು ಏಳುತ್ತದೆ. 2024ರಲ್ಲಿ ರಾಜ್ಯದ ಸಚಿವ ಸಂಪುಟ ಇದಕ್ಕೆ ಒಪ್ಪಿಗೆಯನ್ನೂ ಕೊಟ್ಟಿತು.

ಎರಡನೇ ಭಾಗದ ಸಿನಿಮಾ ಎಂದರೆ ಇದೇ. ಒಮ್ಮೆ ಸೋಸಿದ ಮಣ್ಣನ್ನು ಮತ್ತೆ ಸೋಸುವ ಕೆಲಸ. ನಗುವೂ ನೆನಪೂ ಅಲ್ಲಿ ಸೈನೈಡ್ ಇದ್ದ ಹಾಗೆ. ಮಣ್ಣಿನಲ್ಲಿ ಚಿನ್ನ ಉಳಿದಿದ್ದರೆ ಅವು ಎಳೆದು ಹೊರಗೆ ತರುತ್ತವೆ. ಇಲ್ಲದ ಚಿನ್ನವನ್ನು ಅವು ಹುಟ್ಟಿಸಲಾರವು. ಆಗ ಪಾತ್ರೆಯಲ್ಲಿ ಉಳಿಯುವುದು ಸೈನೈಡ್ ಮಾತ್ರ.

ಸಿಐಡಿ 999ರಿಂದ ಆಟೊ ಹಿಂದಿನ ಚಿತ್ರದವರೆಗೆ

ಕನ್ನಡದ ಆಕ್ಷನ್ ಸರಣಿಯ ಕಥೆ 1968ಕ್ಕೆ ಹೋಗುತ್ತದೆ. ದೇಶದೆಲ್ಲೆಡೆ ಜೇಮ್ಸ್ ಬಾಂಡ್ ಗಾಳಿ ಬೀಸುತ್ತಿದ್ದ ಕಾಲ. ಅದುವರೆಗೆ ಹೆಚ್ಚಾಗಿ ಕಿರೀಟ, ಗದೆ, ಜಪಮಾಲೆಗಳಲ್ಲಿ ಜನ ಕಂಡಿದ್ದ ರಾಜ್‌ಕುಮಾರ್ ಅವರಿಗೆ ದೊರೈ-ಭಗವಾನ್ ಜೋಡಿ ಸೂಟು ತೊಡಿಸಿ, ಕೈಗೆ ಪಿಸ್ತೂಲು ಕೊಟ್ಟು ಸಿಐಡಿ 999 ಮಾಡಿತು. ‘ಜೇಡರ ಬಲೆ’ ಗೆದ್ದದ್ದೇ ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬಂದವು. ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು.

ಆ ಕಾಲದ ಚಿತ್ರಗಳಲ್ಲಿ ನಗಿಸುವ ಹೊಣೆ ನರಸಿಂಹರಾಜು ಅವರಂಥ ಹಾಸ್ಯನಟರ ಹೆಗಲ ಮೇಲಿರುತ್ತಿತ್ತು. ನಾಯಕನ ಗಾಂಭೀರ್ಯಕ್ಕೆ ಪೆಟ್ಟು ಬೀಳುತ್ತಿರಲಿಲ್ಲ. ಕಾಮಿಡಿ ಟ್ರ್ಯಾಕ್ ಎಂದು ನಾವು ಮೂಗು ಮುರಿಯುವ ಏರ್ಪಾಟಿಗೆ ಇಂಥದೊಂದು ಉಪಯೋಗವಿತ್ತು. ಅಡುಗೆಮನೆಯ ಹೊಗೆ ನಡುಮನೆಗೆ ಬಾರದಂತೆ ಕಟ್ಟಿದ ಗೋಡೆ ಅದು.

‘ಡೈಮಂಡ್ ರಾಕೆಟ್’ನಲ್ಲಿ ರಾಜ್‌ಕುಮಾರ್ ಹಾಡಿದ, ಇಂಗ್ಲಿಷ್ ಸಾಲುಗಳ ಹಾಡೊಂದಿದೆ. ಇವತ್ತು ಅದು ಮದುವೆ ಮನೆಯಲ್ಲಿ, ಕಾಲೇಜು ಫೆಸ್ಟಿನಲ್ಲಿ, ಫೋನುಗಳಲ್ಲಿ ನಗುತ್ತ ಕೇಳುವ ಹಾಡು. ಬಂದ ಕಾಲಕ್ಕೆ ಅದು ಸ್ಟೈಲು, ನಗಿಸುವುದಕ್ಕೆಂದು ಮಾಡಿದ್ದಲ್ಲ. ನಲವತ್ತು ವರ್ಷ ಕಳೆದು ಅದರಲ್ಲಿ ನಗುವೂ ನೆನಪೂ ಒಟ್ಟಿಗೆ ಹುಟ್ಟಿಕೊಂಡವು. ಹುಟ್ಟಿಸಿದವರು ನೋಡುಗರು. ಉಪ್ಪಿನಕಾಯಿ ಹಾಕುವವರಿಗೆ ಗೊತ್ತು: ಜಾಡಿ ಮುಚ್ಚಿ ಇಟ್ಟ ದಿನಗಳ ಕೆಲಸವನ್ನು ಯಾವ ಮಸಾಲೆಯೂ ಮಾಡಲಾರದು. ಇವತ್ತಿನ ನಿರ್ಮಾಪಕರು ಅದೇ ಪರಿಣಾಮವನ್ನು ಮೊದಲ ದಿನದ ಮೊದಲ ಆಟದಲ್ಲೇ ಬಯಸುತ್ತಾರೆ.

ಸಾಂಗ್ಲಿಯಾನ ಚಿತ್ರಗಳದು ಇನ್ನೊಂದು ಪಾಠ. ನಿಜವಾದ ಪೊಲೀಸ್ ಅಧಿಕಾರಿಯೊಬ್ಬರ ಹೆಸರನ್ನೇ ಇಟ್ಟುಕೊಂಡು 1988ರಲ್ಲಿ ಪಿ. ನಂಜುಂಡಪ್ಪ ನಿರ್ದೇಶಿಸಿದ ‘ಸಾಂಗ್ಲಿಯಾನ’ದಲ್ಲಿ ಶಂಕರ್‌ನಾಗ್ ವೇಷ ಮರೆಸಿಕೊಂಡು ಕಳ್ಳರ ನಡುವೆ ಓಡಾಡುತ್ತಾರೆ. ವೇಷದ ಗುಟ್ಟು ನಮಗೆ ಗೊತ್ತು, ಎದುರಿನ ಖದೀಮನಿಗೆ ಗೊತ್ತಿಲ್ಲ. ನಗು ಬರುವುದು ಅಲ್ಲಿಂದ. ಗುಟ್ಟು ರಟ್ಟಾದರೆ ಏನು ಗತಿ ಎಂಬ ದಿಗಿಲೂ ಅಲ್ಲಿಂದಲೇ. ನಗು ಆಪತ್ತನ್ನು ಕಡಿಮೆ ಮಾಡದೆ ಹೆಚ್ಚಿಸುವ ಬಗೆ ಇದು. 1990ರಲ್ಲಿ ಎರಡನೇ ಭಾಗ ಬಂತು. ಅದೇ ವರ್ಷ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಹೋದರು. 1997ರಲ್ಲಿ ದೇವರಾಜ್ ಅವರನ್ನು ಹಾಕಿಕೊಂಡು ಮೂರನೇ ಭಾಗ ತೆಗೆದರು. ಪೊಲೀಸ್ ಪಾತ್ರಕ್ಕೆ ಅವರಿಗಿಂತ ಒಪ್ಪುವವರು ಆಗ ಕಡಿಮೆ. ಆದರೂ ಸಾಂಗ್ಲಿಯಾನ ಎಂದಾಗ ಜನರ ಕಣ್ಣಿಗೆ ಕಟ್ಟುವುದು ಶಂಕರ್. ಅವರು ಹೋಗಿ ಮೂವತ್ತು ವರ್ಷ ಕಳೆದರೂ ಆಟೊಗಳ ಹಿಂದೆ ಅವರ ಮುಖವಿದೆ. ಆ ನೆನಪಿಗೆ ಯಾರೂ ಎರಡನೇ ಭಾಗ ಬರೆಯಬೇಕಾಗಿಲ್ಲ.

ಹಳೆಯದರ ಹಂಬಲಕ್ಕೆ ಕನ್ನಡದವರು ಬಹುಕಾಲ ಹುಡುಕಿಕೊಂಡ ದಾರಿಯೇ ಬೇರೆ: ಹಳೆಯ ಸಿನಿಮಾವನ್ನೇ ಮತ್ತೆ ನೋಡುವುದು. ಉಪೇಂದ್ರ ನಿರ್ದೇಶಿಸಿ ಶಿವರಾಜ್‌ಕುಮಾರ್ ನಟಿಸಿದ ‘ಓಂ’ 1995ರಲ್ಲಿ ಬಂದದ್ದು. ಅಲ್ಲಿಂದೀಚೆಗೆ ಐನೂರಕ್ಕೂ ಹೆಚ್ಚು ಬಾರಿ ಮರುಬಿಡುಗಡೆಯಾಗಿದೆ. ಅದರ ಮುಂದೆ ‘ಓಂ 2’ ಎಂಬುದು ಯಾಕೆ ಬೇಕು? ನೆನಪೊಂದೇ ಬಂಡವಾಳವಾದರೆ ಮೂಲವೇ ಸಾಕು. ವಿಷ್ಣುವರ್ಧನ್ ಅವರ 2001ರ ‘ಕೋಟಿಗೊಬ್ಬ’ದ ಹೆಸರನ್ನು ಹದಿನೈದು ವರ್ಷ ಕಳೆದು ಸುದೀಪ್ ಅವರ ಚಿತ್ರ ಎತ್ತಿಕೊಂಡಿತು, ಕಥೆ ಮುಂದುವರಿಯಲಿಲ್ಲ. ಅಲ್ಲಿ ನೆನಪು ಇರುವುದು ಬೋರ್ಡಿನ ಮೇಲೆ. ಅಂಗಡಿ ಮಾಲೀಕ ಬದಲಾದರೂ ಹಳೆಯ ಹೆಸರು ಉಳಿಸಿಕೊಂಡ ಹಾಗೆ: ತಪ್ಪೇನಿಲ್ಲ, ಗಿರಾಕಿ ಒಳಗೆ ಬರುತ್ತಾನೆ, ಬಂದ ಮೇಲೆ ಸರಕು ನೋಡಿಯೇ ಕೊಳ್ಳುತ್ತಾನೆ.

ಎರಡು ಕನ್ನಡಕ, ಒಂದು ಬೋರ್‌ವೆಲ್

ಹೊರಗಿನ ಉದಾಹರಣೆಗಳಲ್ಲಿ ಇದು ಇನ್ನೂ ಸ್ಪಷ್ಟವಾಗುತ್ತದೆ. 1991ರ ‘ಟರ್ಮಿನೇಟರ್ 2’ರಲ್ಲಿ ಯಂತ್ರಮಾನವನಿಗೆ ಹುಡುಗನೊಬ್ಬ ಬೀದಿ ಮಾತು ಕಲಿಸುತ್ತಾನೆ. ನಮಗೆ ನಗು ಬರುತ್ತದೆ, ಯಂತ್ರಕ್ಕೆ ಬರುವುದಿಲ್ಲ. ಕಲಿತಷ್ಟೂ ಅದು ಮನುಷ್ಯನಂತಾಗುತ್ತ ಹೋಗಿ, ಕೊನೆಗೆ ಅದು ಹೊರಟಾಗ ಎದೆ ಭಾರವಾಗುತ್ತದೆ. ನಕ್ಕದ್ದೆಲ್ಲ ಆ ದುಃಖಕ್ಕೆ ಕೂಡಿಟ್ಟ ದುಡ್ಡು. 2003ರ ಮೂರನೇ ಭಾಗದಲ್ಲಿ ಅದೇ ಯಂತ್ರ ಕಪ್ಪು ಕನ್ನಡಕಕ್ಕೆ ಕೈಹಾಕಿದರೆ ಸಿಗುವುದು ನಕ್ಷತ್ರದಾಕಾರದ ಕನ್ನಡಕ. ಟಾಕೀಸು ನಗುತ್ತದೆ. ಆದರೆ ಹನ್ನೆರಡು ವರ್ಷ ಹಿಂದೆ ಮೈ ಜುಮ್ಮೆನಿಸಿದ್ದ ಕನ್ನಡಕವನ್ನೇ ಗೇಲಿ ಮಾಡಿ ಗಿಟ್ಟಿಸಿದ ನಗು ಅದು. ಬಿತ್ತನೆಗಿಟ್ಟ ರಾಗಿಯನ್ನು ಹಿಟ್ಟು ಬೀಸಿದ ಹಾಗೆ: ಒಂದು ಹೊತ್ತಿನ ಮುದ್ದೆಗೇನೋ ಆಯಿತು.

ಹಿಂದಿಯ ‘ಗದರ್’ನಲ್ಲಿ (2001) ನಾಯಕ ಸಿಟ್ಟಿನಲ್ಲಿ ಬೋರ್‌ವೆಲ್ ಪಂಪನ್ನೇ ಕಿತ್ತೆತ್ತುತ್ತಾನೆ. 2023ರ ಎರಡನೇ ಭಾಗದಲ್ಲಿ ಅಟ್ಟಿಸಿಕೊಂಡು ಬಂದ ಗುಂಪಿನೆದುರು ಅವನು ಪಂಪಿನತ್ತ ಸುಮ್ಮನೆ ನೋಡುತ್ತಾನೆ, ಅಷ್ಟಕ್ಕೇ ಗುಂಪು ಕಾಲಿಗೆ ಬುದ್ಧಿ ಹೇಳುತ್ತದೆ. ನಗುವೂ ನೆನಪೂ ಒಂದೇ ಏಟಿಗೆ ಕೆಲಸ ಮಾಡಿದ ಅಪರೂಪದ ಗಳಿಗೆ ಅದು. ಹಳೆಯ ಹೊಡೆದಾಟವನ್ನು ಮತ್ತೆ ತೋರಿಸುವ ಬದಲು ಅದರ ಭಯವನ್ನು ಮಾತ್ರ ಬಳಸಿಕೊಂಡಿತು. ನಾಯಕನನ್ನು ಗೇಲಿ ಮಾಡಲಿಲ್ಲ. 1986ರ ‘ಟಾಪ್ ಗನ್’ಗೆ 2022ರಲ್ಲಿ ಬಂದ ಮುಂದಿನ ಭಾಗದಲ್ಲಿ ತೀರಿಹೋದ ಗೆಳೆಯನ ಮಗ ನಾಯಕನೆದುರು ನಿಲ್ಲುತ್ತಾನೆ. ಅಲ್ಲಿ ನೆನಪೆಂದರೆ ತೀರದ ಬಾಕಿ. 1996ರ ‘ಇಂಡಿಯನ್’ಗೆ 28 ವರ್ಷ ಬಿಟ್ಟು ಬಂದ ಎರಡನೇ ಭಾಗದಲ್ಲಿ ಅಂಥ ಬಾಕಿಯೇ ಇರಲಿಲ್ಲ. ಮುದುಕನ ವೇಷ ಮರಳಿ ಬಂತು, ಅವನನ್ನು ಕೊಲೆಗೆ ನೂಕಿದ್ದ ಸಂಕಟ ಬರಲಿಲ್ಲ.

ಸಾರಥಿ ನಗದ ಒಡ್ಡೋಲಗ

ಇನ್ನು ನಮ್ಮೂರ ಹೆಸರಿನ ಸಿನಿಮಾ. ಪ್ರಶಾಂತ್ ನೀಲ್ ನಿರ್ದೇಶನದ, ಹೊಂಬಾಳೆ ಫಿಲಮ್ಸ್‌ನ ‘ಕೆಜಿಎಫ್ ಚಾಪ್ಟರ್ 1’ 2018ರ ಡಿಸೆಂಬರ್ 21ರಂದು ಐದು ಭಾಷೆಗಳಲ್ಲಿ ಬಂತು. 2022ರ ಏಪ್ರಿಲ್ 14ರಂದು ಬಂದ ಎರಡನೇ ಭಾಗ ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಗಳಿಸಿತು. ಸೈನೈಡ್ ದಿಬ್ಬಗಳ ಮೇಲೆಯೇ ಸೆಟ್ ಹಾಕಿ ಚಿತ್ರೀಕರಿಸಿದ್ದರು. ಸೋಸಿದ ಮಣ್ಣಿನ ಮೇಲೆ ನಿಂತು ಇಷ್ಟು ಚಿನ್ನ ತೆಗೆದವರು ಗಣಿಯ ಇತಿಹಾಸದಲ್ಲೇ ಇಲ್ಲ ಎಂದು ಊರಲ್ಲಿ ತಮಾಷೆ ಮಾಡುವುದುಂಟು.

ಮೊದಲ ಭಾಗದಲ್ಲಿ ನೆನಪಿನ ವ್ಯಾಪಾರ ಜಾಣತನದ್ದು. 1970ರ ‘ಪರೋಪಕಾರಿ’ ಚಿತ್ರದಲ್ಲಿ ಎಲ್.ಆರ್. ಈಶ್ವರಿ ಹಾಡಿದ ‘ಜೋಕೆ’ ಹಾಡನ್ನು ಹೊಸದಾಗಿ ಮಾಡಿ ತಮನ್ನಾ ಅವರಿಂದ ಕುಣಿಸಿದರು. ಹಿಂದಿಯಲ್ಲಿ ಅದೇ ಜಾಗಕ್ಕೆ 1989ರ ‘ತ್ರಿದೇವ್’ನ ಹಾಡು ಬಂತು, ಕುಣಿದವರು ಮೌನಿ ರಾಯ್. ಹೊಡೆದಾಟಕ್ಕೆ ಭಾಷೆ ಬೇಡ, ನೆನಪಿಗೆ ಬೇಕು ಎಂಬುದು ಈ ಅದಲುಬದಲಿನಲ್ಲಿ ಕಾಣುತ್ತದೆ. ಎರಡನೇ ಭಾಗದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು: ಸಂಜಯ್ ದತ್, ರವೀನಾ ಟಂಡನ್ ಇಬ್ಬರೂ ತೊಂಬತ್ತರ ದಶಕದ ಹಿಂದಿ ಪ್ರೇಕ್ಷಕನ ಹಳೆಯ ಪರಿಚಯ. ಇತ್ತ ಮೊದಲ ಭಾಗದಲ್ಲಿ ಆನಂದ್ ಇಂಗಳಗಿಯಾಗಿ ಕಥೆ ಹೇಳಿದ್ದ ಅನಂತ್‌ನಾಗ್ ಎರಡನೆಯದರಲ್ಲಿ ಇರಲಿಲ್ಲ, ಅವರ ಜಾಗದಲ್ಲಿ ಪ್ರಕಾಶ್ ರಾಜ್ ಬಂದರು. ಆನಂದ್ ಇಂಗಳಗಿಯ ದನಿಗೆ ಒಗ್ಗಿದ್ದ ಕನ್ನಡದ ಕಿವಿಗೆ ಮೊದಲ ಹತ್ತು ನಿಮಿಷ ಕಸಿವಿಸಿಯಾದದ್ದು ನಿಜ. ಆಮೇಲೆ ಮರೆತೇಹೋಯಿತು. ಮರೆಯುವಂತೆ ಮಾಡಿದ್ದು ಕಥೆಯೊಳಗಿನ ಸಾಲ: ನಾಯಕ ರಾಕಿ ತಾಯಿಗೆ ಕೊಟ್ಟ ಮಾತು. ಮಗ ಆ ಮಾತನ್ನು ಹೇಗೆ ತೀರಿಸುತ್ತಾನೆ ಎಂಬುದು ಮೊದಲ ಭಾಗದ ಕೊನೆಗೆ ಉಳಿದೇ ಇತ್ತು. ಆ ದಿಬ್ಬದಲ್ಲಿ ಇನ್ನೂ ಚಿನ್ನವಿತ್ತು.

ನಗುವಿನ ವಿಷಯಕ್ಕೆ ಬಂದರೆ ‘ಕೆಜಿಎಫ್’ ಬಹಳ ಜಿಪುಣ. ಎರಡನೇ ಭಾಗದಲ್ಲಿ ನನಗೆ ನೆನಪಿರುವ ದೊಡ್ಡ ನಗು ‘ದೊಡ್ಡಮ್ಮ’ನದು. ಪೊಲೀಸ್ ಠಾಣೆಯನ್ನು ಜರಡಿ ಮಾಡುವ ಭಾರೀ ಬಂದೂಕಿಗೆ ಇಟ್ಟ ಹೆಸರದು. ಗುಂಡಿನ ಮಳೆ ನಿಂತ ಮೇಲೆ ಕೆಂಪಗೆ ಕಾದ ನಳಿಗೆಯಿಂದ ರಾಕಿ ಸಿಗರೇಟು ಹೊತ್ತಿಸುತ್ತಾನೆ. ರಾಕಿಯಾದ ಯಶ್ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಬಂಗಾರಪೇಟೆಯ ಪಾನಿಪುರಿ ತಿಂದವರಿಗೆ ಈ ರುಚಿ ಗೊತ್ತು. ಬೇರೆ ಕಡೆಯ ಹಾಗೆ ಹಸಿರು ನೀರಲ್ಲ, ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗಿಟ್ಟ ಮೇಲೆ ಖಾರ ನೆತ್ತಿಗೇರುತ್ತದೆ. ಆಕ್ಷನ್ ಸಿನಿಮಾದ ನಗು ಹೀಗಿದ್ದಷ್ಟೂ ಒಳ್ಳೆಯದು. ಬಣ್ಣ ಬಳಿದು, ಈಗ ನಗಿ ಎಂದು ತೋರಿಸಿಕೊಟ್ಟರೆ ಖಾರ ಹೋಗಿಬಿಡುತ್ತದೆ.

ಜಿಪುಣತನಕ್ಕೂ ದಂಡವಿದೆ. ನಮ್ಮ ಕಡೆಯ ಕೇಳಿಕೆ ಎಂಬ ಬಯಲಾಟ ನೋಡಿದವರಿಗೆ ಸಾರಥಿ ಗೊತ್ತು. ರಾಜ ಅಬ್ಬರಿಸುತ್ತ ರಂಗಕ್ಕೆ ಬಂದಾಗ ‘ಯಾರಯ್ಯಾ ನೀನು, ಎಲ್ಲಿಂದ ಬಂದೆ?’ ಎಂದು ಕೇಳುವವನು ಅವನು. ರಾಜ ತನ್ನ ಪ್ರತಾಪ ಬಣ್ಣಿಸುತ್ತಾನೆ. ಸಾರಥಿ ನಡುನಡುವೆ ಕೊಂಕು ತೆಗೆದು ಜನರನ್ನು ನಗಿಸುತ್ತಾನೆ. ಆ ಕೊಂಕಿನಿಂದ ರಾಜನ ಕಿರೀಟ ಬೀಳುವುದಿಲ್ಲ. ನಕ್ಕು ಹಗುರಾದ ಜನ ರಾಜನನ್ನು ಇನ್ನಷ್ಟು ನಂಬುತ್ತಾರೆ. ‘ಕೆಜಿಎಫ್’ನ ಕಥೆ ನಿಂತಿರುವುದೂ ಇದೇ ಪ್ರಶ್ನೋತ್ತರದ ಮೇಲೆ. ಸುದ್ದಿ ವಾಹಿನಿಯ ದೀಪಾ ಹೆಗ್ಡೆ ಕೇಳುತ್ತಾಳೆ, ಇಂಗಳಗಿ ಹೇಳುತ್ತಾರೆ. ಆದರೆ ಈ ಸಾರಥಿಗಳು ಬೆರಗಾಗುತ್ತಾರೆ, ಕೊಂಕು ತೆಗೆಯುವುದಿಲ್ಲ. ಎರಡನೇ ಭಾಗದಲ್ಲಂತೂ ಶತ್ರುಗಳೂ ಅವನನ್ನು ಬಣ್ಣಿಸುವುದಕ್ಕೇ ಬಾಯಿ ತೆರೆದ ಹಾಗಿದೆ. ಸಿನಿಮಾ ಪೂರ್ತಿ ಬರೀ ರಾಜನ ಒಡ್ಡೋಲಗವಾದಾಗ ಸಾರಥಿಯ ಕೆಲಸವನ್ನು ಪ್ರೇಕ್ಷಕನೇ ಎತ್ತಿಕೊಳ್ಳುತ್ತಾನೆ. ರೈಲಿನ ಆ ಹಿರಿಯರು ಮಾಡಿದ್ದು ಅದನ್ನೇ.

‘ಕಾಂತಾರ’ ಇದಕ್ಕೆ ತದ್ವಿರುದ್ಧ. 2022ರ ಮೊದಲ ಚಿತ್ರದಲ್ಲಿ ನಾಯಕ ಶಿವನ ಗೆಳೆಯರ ಕೀಟಲೆ ಅದೇ ಊರಿನ ಕಟ್ಟೆಯಿಂದ, ಗದ್ದೆಯಂಚಿನಿಂದ ಎದ್ದು ಬಂದದ್ದು. ಅವರ ನಗು ಕೇಳಿಸಿಕೊಂಡದ್ದರಿಂದಲೇ ಕೊನೆಯ ಇಪ್ಪತ್ತು ನಿಮಿಷಗಳ ದೈವದ ಕೂಗು ಎದೆಗೆ ಬಡಿಯಿತು. 2025ರ ಅಕ್ಟೋಬರ್ 2ರಂದು ಬಂದ ‘ಕಾಂತಾರ ಚಾಪ್ಟರ್ 1’ ಕಥೆಯನ್ನು ಕದಂಬರ ಕಾಲಕ್ಕೆ ಕೊಂಡೊಯ್ದಿತು. ಕಾಡು ಅದೇ, ದೈವ ಅದೇ. ಕೀಟಲೆಯ ಧಾಟಿ ಮಾತ್ರ ಇವತ್ತಿನ ಕಟ್ಟೆಯದಾಗಿಯೇ ಉಳಿದು ಕೆಲವೆಡೆ ಎಣ್ಣೆ ನೀರಿನಂತೆ ಬೇರೆಯಾಗಿ ನಿಂತಿತು. ‘ಮಫ್ತಿ’ಯ (2017) ಹಿಂದಿನ ಕಥೆ ಹೇಳಿದ ‘ಭೈರತಿ ರಣಗಲ್’ (2024) ಆ ಗೊಡವೆಗೇ ಹೋಗಲಿಲ್ಲ. ಕರಿ ಅಂಗಿಯ ದೊರೆಯಾಗುವ ಮೊದಲು ಅವನೊಬ್ಬ ವಕೀಲ. ಕಾನೂನನ್ನು ನಂಬಿದ್ದವನು ಎಲ್ಲಿಗೆ ಹೋಗಿ ಮುಟ್ಟುತ್ತಾನೆಂದು ನಮಗೆ ಮೊದಲೇ ಗೊತ್ತಿರುವುದರಿಂದ ಅವನ ಒಂದೊಂದು ಒಳ್ಳೆಯ ಕೆಲಸವೂ ನೋಯಿಸುತ್ತದೆ.

ಯಾರ ನೆನಪು?

ಊರಿಗಾಂನಲ್ಲಿ ಕೂತು ಈ ಲೆಕ್ಕ ಹಾಕುವವನಿಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ‘ಕೆಜಿಎಫ್’ ಸಿನಿಮಾದ ನರಾಚಿ ಗಣಿಯಲ್ಲಿ ಚಿನ್ನ ಸಿಗುವುದು 1951ರಲ್ಲಿ. ಇಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರುಮಾಡಿದ್ದು 1880ರಲ್ಲಿ. ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ. 1930ರಲ್ಲಿ ಬೆರಳಚ್ಚು ಕೊಡಲು ಒಪ್ಪದೆ ಸಾವಿರಾರು ಕಾರ್ಮಿಕರು ಮುಷ್ಕರ ಹೂಡಿದ ಊರಿದು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಬಂಡೆ ಸಿಡಿದು ಸತ್ತವರು, ಕಲ್ಲಿನ ಧೂಳು ಕುಡಿದು ಎದೆ ಗಟ್ಟಿಯಾಗಿ ಸತ್ತವರು ಕಾರ್ಮಿಕರ ಮನೆಗಳ ಒಂದೊಂದು ಲೈನಿನಲ್ಲೂ ಇದ್ದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ರೈಲಿನಲ್ಲಿ ನಾವು ನಿಂತುಕೊಂಡು ಹೋಗುವುದು ಆ ದಿನದ ಮುಂದುವರಿದ ಭಾಗ.

ಹಾಗೆಂದು ಸಿನಿಮಾವೊಂದೇ ಸುಳ್ಳು ಹೇಳಿತು ಎನ್ನಲಾರೆ. ನಮ್ಮ ನೆನಪೂ ಸೋಸಿದ್ದೇ. ‘ಮಿನಿ ಇಂಗ್ಲೆಂಡ್’ ಎಂದು ಹಿರಿಯರು ಹೇಳುವಾಗ ಅದರಲ್ಲಿ ಕ್ಲಬ್ಬು, ಗಾಲ್ಫ್ ಮೈದಾನ, ಬಂಗಲೆಗಳ ಗುಲಾಬಿ ತೋಟ ಇರುತ್ತವೆ. ಲೈನು ಮನೆಯ ತಡಿಕೆ ಗೋಡೆ, ಆ ಬಂಗಲೆಗಳಲ್ಲಿ ಯಾರಿಗೆ ಪ್ರವೇಶವಿರಲಿಲ್ಲ ಎಂಬುದು ಇರುವುದಿಲ್ಲ. ಉತ್ತರ ಆರ್ಕಾಟಿನಿಂದ ಬಂದು ಈ ಗಣಿ ತೋಡಿದ ದಲಿತರ ನೆನಪನ್ನು ಪಾ. ರಂಜಿತ್ 2024ರ ‘ತಂಗಲಾನ್’ನಲ್ಲಿ ಹಿಡಿಯಲು ಹೊರಟರು. ಅದು ‘ಕೆಜಿಎಫ್’ನ ಮುಂದಿನ ಭಾಗವಲ್ಲ, ಆದರೂ ಎರಡನ್ನೂ ನೋಡಿದ ನಮ್ಮೂರಿನವರು ಜೊತೆಗಿಟ್ಟೇ ಮಾತಾಡುತ್ತಾರೆ. ಹಳೆಯದರ ಹಂಬಲ ಯಾವಾಗಲೂ ಒಂದಿಷ್ಟನ್ನು ಇಟ್ಟುಕೊಂಡು ಮಿಕ್ಕದ್ದನ್ನು ದಿಬ್ಬಕ್ಕೆ ಸುರಿಯುತ್ತದೆ. ಒಳ್ಳೆಯ ಮುಂದಿನ ಭಾಗ ಎಂದರೆ ಆ ಸುರಿದದ್ದನ್ನು ಮತ್ತೆ ಮುಟ್ಟಿ ನೋಡುವ ಚಿತ್ರ ಎಂದು ನನಗನ್ನಿಸುತ್ತದೆ. ಮೊದಲ ಭಾಗ ಬಿಟ್ಟುಹೋದ ಸಾಲ, ಕೇಳದೆ ಬಿಟ್ಟ ಪ್ರಶ್ನೆ, ಗುರುತು ಸಿಗದಂತೆ ಮಸಿ ಬಳಿದ ಮುಖ ಎಲ್ಲ ಅಲ್ಲೇ ಇರುತ್ತವೆ.

ರಾಕಿ ಚಿನ್ನದೊಂದಿಗೆ ಸಮುದ್ರ ಸೇರಿದ ಮೇಲೂ ಎರಡನೇ ಭಾಗ ಮೂರನೆಯದರ ಸುಳಿವು ಕೊಟ್ಟು ಮುಗಿಯುತ್ತದೆ. ತಾಯಿಯ ಸಾಲ ತೀರಿದೆ. ಆ ಮಣ್ಣಿನಲ್ಲಿ ಇನ್ನು ಎಷ್ಟು ಚಿನ್ನ ಉಳಿದಿದೆಯೋ ನನಗೆ ಅನುಮಾನ. ಆದರೆ ಬಂಡೆ ಕುಟ್ಟುತ್ತಿದ್ದ ಆ ಜನರ ಕಥೆ ಇನ್ನೂ ಸೋಸಿಲ್ಲ. ರಾಕಿ ಹೋದ ಮೇಲೆ ಅವರು ಏನಾದರು, ಯಾವ ಊರಿಗೆ ಯಾವ ರೈಲು ಹತ್ತಿದರು? ರೈಲಿನ ಹಿರಿಯರ ಪ್ರಶ್ನೆ ಅದೇ ಇದ್ದಿರಬಹುದು. ನಗಾಡಿದ ಮೇಲೂ ಅವರು ಬಗ್ಗಿ ನೋಡುತ್ತಲೇ ಇದ್ದರಲ್ಲ, ಸುತ್ತಿಗೆ ಹಿಡಿದವರ ಸಾಲಿನತ್ತ.